ಬೀಥೋವನ್ನನ ಗೆಳೆಯರ ಸೀಸದಕಡ್ಡಿ

ವಿದ್ಯೆಗಾಗಿಯೋ ಅನ್ನಕ್ಕಾಗಿಯೋ ಹುಟ್ಟೂರನ್ನು ಬಿಟ್ಟು ದೊಡ್ಡ ಪಟ್ಟಣವನ್ನು ಸೇರುವುದು ನಮಗಾರಿಗೂ ಹೊಸತಲ್ಲ. ಪಾಶ್ಚಾತ್ಯ ಸಂಗೀತದ ಮೇರುಪುರುಷನೆಂದು ಲೋಕವು ಕೊಂಡಾಡುವ ಬೀಥೋವನ್ನನೂ ಹಾಗೆ ಊರು ಬಿಟ್ಟವನೇ. ಜರ್ಮನ್ ನಾಡಿನ ಬಾನ್ ಎಂಬ ಊರಿನಲ್ಲಿ 1770ರ ಡಿಸೆಂಬರಿನಲ್ಲಿ ಆತನು ಜನಿಸಿದನು. ತಂದೆಯು ಆಸ್ಥಾನದ ಗಾಯಕ. ಆದರೆ ಕುಡಿತಕ್ಕೆ ದಾಸನಾದವನು. 1787ರಲ್ಲಿ ತಾಯಿಯು ತೀರಿಕೊಂಡ ಮೇಲೆ ಇಬ್ಬರು ತಮ್ಮಂದಿರ ಹೊರೆಯು ಹದಿಹರೆಯದ ಹುಡುಗನ ಹೆಗಲೇರಿತು. 1792ರಲ್ಲಿ ಹೈಡನ್ ಎಂಬ ಹಿರಿಯ ಸಂಗೀತಗಾರನ ಶಿಷ್ಯನಾಗಲು ವಿಯೆನ್ನಾ ನಗರಕ್ಕೆ ಬಂದವನು ಕೊನೆಯವರೆಗೂ ಅಲ್ಲಿಯೇ ನೆಲಸಿದನು.

ಪಿಯಾನೋ ವಾದಕನೆಂದು ಕೀರ್ತಿ ಬಂದಿತು. ಸಿರಿವಂತರ ಮನೆಯ ಬಾಗಿಲುಗಳು ತೆರೆದವು. ಆದರೆ ಮೂವತ್ತು ತುಂಬುವ ಮೊದಲೇ ಕಿವಿಯಲ್ಲಿ ಹಗಲಿರುಳೂ ಮೊರೆತವು ಆರಂಭವಾಯಿತು. ವಾದ್ಯಗಳ ತಾರಸ್ವರಗಳು ದೂರದಿಂದ ಕೇಳಿಸದಾದವು. ಮೆಲ್ಲಗೆ ಆಡಿದರೆ ದನಿ ಕೇಳುವುದು, ಮಾತು ತಿಳಿಯದು, ಕೂಗಿದರೆ ಸಹಿಸಲಾಗದು. ಸಂಗೀತಗಾರನಿಗೇ ಕಿವಿ ಕೇಳದೆಂದು ತಿಳಿದರೆ ವೈರಿಗಳು ಏನೆಂದಾರು? ಈ ಅಂಜಿಕೆಯಿಂದ ಸುಮಾರು ಎರಡು ವರ್ಷ ಜನರ ಸಂಗವನ್ನೇ ತೊರೆದನು. 1801ರಲ್ಲಿ ಊರಿನ ಹಳೆಯ ಗೆಳೆಯನೂ ವೈದ್ಯನೂ ಆದ ವೆಗೆಲರನಿಗೆ ವಿಷಯವನ್ನು ಬರೆದು, ಯಾರಿಗೂ ಹೇಳಬಾರದೆಂದು ಬೇಡಿಕೊಂಡನು.

ಮರುವರ್ಷ ವೈದ್ಯರ ಸಲಹೆಯಂತೆ ಹೈಲಿಗೆನ್‌ಸ್ಟಾಟ್ ಎಂಬ ಹಳ್ಳಿಯಲ್ಲಿ ತಂಗಿದ್ದನು. ಜೊತೆಗಿದ್ದವನು ದೂರದ ಕೊಳಲಿನ ನಾದವನ್ನು ಆಲಿಸುತ್ತಿದ್ದರೆ ತನಗೆ ಏನೂ ಕೇಳಿಸದು. ಆ ಅಕ್ಟೋಬರಿನಲ್ಲಿ ತಮ್ಮಂದಿರಿಗೆ ದೀರ್ಘವಾದ ಕಾಗದವೊಂದನ್ನು ಬರೆದನು. ಜನರು ತನ್ನನ್ನು ಹಠಮಾರಿಯೆಂದೂ ಮನುಷ್ಯದ್ವೇಷಿಯೆಂದೂ ತಿಳಿಯುವರು. ಗಟ್ಟಿಯಾಗಿ ಮಾತಾಡಿರೆಂದು ಕೇಳಲು ನಾಚಿಕೆ ತನ್ನನ್ನು ತಡೆಯುವುದು. ಪ್ರಾಣವನ್ನೇ ಕಳೆದುಕೊಳ್ಳುವ ಅಂಚಿಗೆ ಹೋದವನನ್ನು ಕಲೆಯೊಂದೇ ಹಿಡಿದು ನಿಲ್ಲಿಸಿತು ಎಂಬುದು ಅದರ ಸಾರ. ಆ ಕಾಗದವನ್ನು ಆತನು ಕಳುಹಿಸಲೇ ಇಲ್ಲ. ಸತ್ತ ಮೇಲೆ ಅದು ಆತನ ಕಾಗದಪತ್ರಗಳ ನಡುವೆ ಸಿಕ್ಕಿತು.

ಸ್ವರಗಳನ್ನು ಮನಸ್ಸಿನಲ್ಲಿಯೇ ಕೇಳಿ ಬರೆಯುವ ಶಕ್ತಿ ಅವನಿಗಿದ್ದುದರಿಂದ ಕೃತಿರಚನೆಯು ನಿಲ್ಲಲಿಲ್ಲ. 1808ರಲ್ಲಿ ಐದನೆಯ ಸಿಂಫನಿಯು ರಂಗವೇರಿತು. ಮೆಲ್‌ಝೆಲ್ ಎಂಬ ಯಂತ್ರಕುಶಲಿಯು ಕಿವಿಗೆ ಹಿಡಿಯುವ ತುತ್ತೂರಿಗಳನ್ನು ಮಾಡಿಕೊಟ್ಟನು. ಕ್ರಮೇಣ ಅವೂ ಸಾಲದಾದವು. 1818ರಿಂದ ಬೀಥೋವನ್ ಚಿಕ್ಕ ಪುಸ್ತಕಗಳನ್ನೂ ಸೀಸದಕಡ್ಡಿಯನ್ನೂ ಬಳಿಯಲ್ಲಿ ಇಟ್ಟುಕೊಳ್ಳತೊಡಗಿದನು. ಬಂದವರು ತಮ್ಮ ಮಾತನ್ನು ಅದರಲ್ಲಿ ಬರೆಯುವರು. ಆತನು ಓದಿ ಬಾಯಿಂದ ಉತ್ತರ ಹೇಳುವನು. ಸಾಕುಮಗನಂತೆ ಬೆಳೆಸಿದ ತಮ್ಮನ ಮಗ ಕಾರ್ಲನೂ ಗೆಳೆಯರೂ ಬರೆದುದು ಅದರಲ್ಲಿದೆ. ಸಂಗೀತದ ಚರ್ಚೆಯ ಪಕ್ಕದಲ್ಲಿಯೇ ಅಡಿಗೆಯವಳ ತಕರಾರು, ಮನೆಖರ್ಚಿನ ಲೆಕ್ಕ! ಲೆಕ್ಕ ಬರೆಯುವುದೇ ಕಸುಬಾದ ನನ್ನಂಥವನಿಗೆ ಇದು ಬಲು ಆಪ್ತವೆನಿಸುವುದು. ಕಿವಿಯು ಮುಚ್ಚಿದರೂ ದಿನದ ಹರಟೆಗೆ ಆತನು ಹೊರಗಾಗಲಿಲ್ಲ.

1824ರ ಮೇ 7ರಂದು ವಿಯೆನ್ನಾದಲ್ಲಿ ಒಂಬತ್ತನೆಯ ಸಿಂಫನಿಯ ಮೊದಲ ಪ್ರದರ್ಶನ. ಬೀಥೋವನ್ ವೇದಿಕೆಯ ಮೇಲೆಯೇ ಇದ್ದನು. ಆದರೆ ವಾದ್ಯಗಾರರು ಉಮ್ಲೌಫ್ ಎಂಬ ನಿರ್ದೇಶಕನನ್ನು ನೋಡಿ ನುಡಿಸಿದರು. ಸಭೆಯು ಭೋರ್ಗರೆದರೂ ಬೆನ್ನು ತಿರುಗಿಸಿ ನಿಂತಿದ್ದ ಆತನಿಗೆ ತಿಳಿಯಲಿಲ್ಲ. ಆಗ ಗಾಯಕಿ ಕಾರೊಲೀನ್ ಉಂಗರ್ ಆತನನ್ನು ಜನರ ಕಡೆಗೆ ತಿರುಗಿಸಿದಳು. ಚಪ್ಪಾಳೆ ಕೇಳಿಸದವನಿಗೆ ಕಾಣಲೆಂದು ಜನರು ಟೋಪಿ, ಕರವಸ್ತ್ರಗಳನ್ನು ಬೀಸಿದರು.

1827ರ ಮಾರ್ಚ್ 26ರಂದು, 56ನೆಯ ವಯಸ್ಸಿನಲ್ಲಿ ಬೀಥೋವನ್ ತೀರಿಕೊಂಡನು. ಆ ಪುಸ್ತಕಗಳಲ್ಲಿ ನೂರಕ್ಕೂ ಹೆಚ್ಚು ಇಂದಿಗೂ ಉಳಿದಿವೆ. ಆತನ ಉತ್ತರಗಳು ಗಾಳಿಯಲ್ಲಿ ಕರಗಿಹೋದವು. ಉಳಿದಿರುವುದು ಹೆಚ್ಚಾಗಿ ಬೇಸರಿಸದೆ ಕುಳಿತು ಬರೆದವರ ಕೈಬರಹವೇ.

ಊರಿನಿಂದ ನಮ್ಮ ಮನೆಗಳಿಗೆ ಬಂದಿರುವ ಅಜ್ಜ ಅಜ್ಜಿಯರಿಗೆ ಇಲ್ಲಿ ನೆರೆಯವರ ನುಡಿ ಬಾರದು. ಮನೆಯ ಕನ್ನಡವೂ ಕಿವಿಗೆ ಬೀಳದಾದರೆ ಅವರಿಗೆ ಉಳಿಯುವುದೇನು? ವೈದ್ಯರಿಗೆ ತೋರಿಸೋಣ, ಇಂದು ಒಳ್ಳೆಯ ಶ್ರವಣ ಯಂತ್ರಗಳಿವೆ. ಜೊತೆಗೆ, ಎದುರಿಗೆ ಕುಳಿತು, ಬೆಳಕಿನಲ್ಲಿ ಮುಖ ಕಾಣುವಂತೆ, ಕಿರಿಚದೆ, ಒಬ್ಬೊಬ್ಬರಾಗಿ ಬಿಡಿಸಿ ಮಾತಾಡೋಣ. ತಿಳಿಯದಿದ್ದರೆ, ಓದಬಲ್ಲವರಿಗೆ ಒಂದು ಚೀಟಿಯಲ್ಲಿ ಕನ್ನಡದಲ್ಲಿ ಬರೆದು ತೋರಿಸೋಣ. ಹೋಗಲಿ ಬಿಡಿ, ಏನಿಲ್ಲ ಎಂದು ಮಾತ್ರ ಮಾತನ್ನು ಮುಗಿಸದಿರೋಣ.