ಗಂಗಾಮೂಲದ ಮಗಳು, ಕೇಡಗಾಂವಿನ ಬೈಬಲ್

ಕಲ್ಯಾಣದಲ್ಲಿ ಉದ್ಯಾನ ಎಕ್ಸ್‌ಪ್ರೆಸ್ ಹತ್ತಿ ಊರಿಗೆ ಹೊರಡುವ ನಮಗೆ ಪುಣೆ ದಾಟುವಷ್ಟರಲ್ಲಿ ಊಟದ ಡಬ್ಬಿ ಖಾಲಿಯಾಗಿ ಕಣ್ಣು ಎಳೆಯುತ್ತಿರುತ್ತದೆ. ದೌಂಡ್ ಬರುವ ಮುಂಚೆ ಕೇಡಗಾಂವ್ ಎಂಬ ಸಣ್ಣ ಸ್ಟೇಷನ್ ಹಿಂದೆ ಸರಿದುಹೋದದ್ದು ಗೊತ್ತೇ ಆಗುವುದಿಲ್ಲ. ನಾನೂ ಎಷ್ಟೋ ವರ್ಷ ಹಾಗೇ ಮಲಗಿಕೊಂಡು ಹೋದವಳು. ನಮ್ಮ ಕರ್ನಾಟಕದ ಕಾಡಿನಲ್ಲಿ ಹುಟ್ಟಿದ ಹೆಣ್ಣುಮಗಳೊಬ್ಬರು ಆ ಊರಿನಲ್ಲಿ ಕೂತು ಇಡೀ ಬೈಬಲನ್ನು ಮರಾಠಿಗೆ ತಂದರು ಎಂದು ತಿಳಿದದ್ದು ತಡವಾಗಿ.

ತಿಳಿಯಲು ಕಾರಣ ನೌಪಾಡಾದ ನಮ್ಮ ಕಟ್ಟಡದ ಗೆಳತಿಯೊಬ್ಬರು. ಅವರ ಮನೆಯಲ್ಲಿ ಕನ್ನಡದ ಬೈಬಲ್ ಎರಡು ಬಗೆಯದು, ಮರಾಠಿಯದು ಒಂದು. ಕನ್ನಡದ ಒಂದರಲ್ಲಿ ಸುವಾರ್ತೆ ಎಂದಿದ್ದರೆ ಇನ್ನೊಂದರಲ್ಲಿ ಶುಭಸಂದೇಶ. ಒಂದೇ ದೇವರು, ಒಂದೇ ಗ್ರಂಥ, ಮತ್ತೆ ಇಷ್ಟೊಂದು ಪಾಠ ಯಾಕೆ ಎಂದು ನಾನು ಕೇಳಿದ್ದೆ. ನಮ್ಮಲ್ಲಿ ಎಷ್ಟು ರಾಮಾಯಣ ಇದೆಯಲ್ಲ ಎಂದು ನಕ್ಕು, ಪಂಡಿತಾ ರಮಾಬಾಯಿಯವರ ಕತೆ ಓದಿ ನೋಡಿ ಎಂದರು. ಓದಿದೆ.

ಕಾರ್ಕಳದ ಹತ್ತಿರದ ಮಾಳದ ಚಿತ್ಪಾವನ ಬ್ರಾಹ್ಮಣರು ಅನಂತ ಶಾಸ್ತ್ರಿ ಡೋಂಗ್ರೆ. ಪುಣೆಯಲ್ಲಿ ಓದುತ್ತಿದ್ದಾಗ ಅವರ ಗುರುಗಳು ಪೇಶ್ವೆಯ ಅರಮನೆಗೆ ಹೋಗಿ ರಾಣಿಗೆ ಸಂಸ್ಕೃತ ಹೇಳಿಕೊಡುತ್ತಿದ್ದರು. ಹೆಂಗಸಿನ ಬಾಯಲ್ಲಿ ಶ್ಲೋಕ ಕೇಳಿದ ಶಾಸ್ತ್ರಿಗಳು ತಮ್ಮ ಹೆಂಡತಿಗೂ ಕಲಿಸಬೇಕೆಂದುಕೊಂಡರು. ಮೊದಲ ಹೆಂಡತಿ ಒಪ್ಪಲಿಲ್ಲ, ಮನೆಯವರೂ ಬಿಡಲಿಲ್ಲ. ಆಕೆ ತೀರಿಕೊಂಡ ಮೇಲೆ ಕೈಹಿಡಿದ ಲಕ್ಷ್ಮೀಬಾಯಿಗೆ ಕಲಿಸಿಯೇ ಕಲಿಸಿದರು. ಉಡುಪಿಯಲ್ಲಿ ವಿದ್ವಾಂಸರ ಮುಂದೆ ನಿಂತು ಅದನ್ನು ಸಮರ್ಥಿಸಿಕೊಳ್ಳಬೇಕಾಯಿತು. ಕೊನೆಗೆ ಊರ ಮಾತಿನಿಂದ ದೂರ, ತುಂಗೆ, ಭದ್ರೆ, ನೇತ್ರಾವತಿ ಹುಟ್ಟುವ ಗಂಗಾಮೂಲದ ಕಾಡಿನಲ್ಲಿ ಮನೆ ಕಟ್ಟಿದರು. ಅಲ್ಲಿ 1858ರ ಏಪ್ರಿಲ್ 23ರಂದು ರಮಾ ಹುಟ್ಟಿದರು.

ಬಂದ ವಿದ್ಯಾರ್ಥಿಗಳಿಗೆ, ಯಾತ್ರಿಕರಿಗೆ ಅನ್ನ ಹಾಕಿ ಹಾಕಿ ಶಾಸ್ತ್ರಿಗಳ ಕೈ ಬರಿದಾಯಿತು. ಆರು ತಿಂಗಳ ಮಗುವನ್ನು ಬುಟ್ಟಿಯಲ್ಲಿಟ್ಟು ತಲೆಯ ಮೇಲೆ ಹೊರಿಸಿಕೊಂಡು ಸಂಸಾರ ಘಟ್ಟ ಇಳಿಯಿತು. ಆಮೇಲೆ ಊರೂರು ಅಲೆದು ಪುರಾಣ ಓದುವುದೇ ಜೀವನ. ತಾಯಿಯೇ ಮಗಳಿಗೆ ಗುರು. ಸುಮ್ಮನೆ ಯೋಚಿಸಿ: ಸ್ವಂತ ಮನೆ ಇಲ್ಲ, ಶಾಲೆ ಇಲ್ಲ, ಆದರೂ ಹುಡುಗಿಗೆ ಭಾಗವತ ಬಾಯಿಪಾಠ. 1870ರ ದಶಕದ ಬರಗಾಲದಲ್ಲಿ ತಂದೆ, ತಾಯಿ, ಅಕ್ಕ ಒಬ್ಬರ ಹಿಂದೆ ಒಬ್ಬರು ಹಸಿವಿನಿಂದ ಸೊರಗಿ ಹೋದರು. ಉಳಿದವರು ರಮಾ ಮತ್ತು ಅಣ್ಣ ಶ್ರೀನಿವಾಸ. ಇಬ್ಬರೂ ನಡೆದು ನಡೆದು 1878ರಲ್ಲಿ ಕಲ್ಕತ್ತೆ ಸೇರಿದರು. ಅಲ್ಲಿನ ವಿದ್ವಾಂಸರು ಇಪ್ಪತ್ತರ ಈ ಹುಡುಗಿಯನ್ನು ಪರೀಕ್ಷಿಸಿ ಪಂಡಿತಾ, ಸರಸ್ವತಿ ಎಂಬ ಬಿರುದು ಕೊಟ್ಟರು.

1880ರಲ್ಲಿ ಅಣ್ಣನೂ ತೀರಿಕೊಂಡ. ಅದೇ ವರ್ಷ ಜಾತಿ ಮೀರಿ ಬಂಗಾಳದ ವಕೀಲ ಬಿಪಿನ್ ಬಿಹಾರಿ ಮೇಧಾವಿಯವರನ್ನು ಮದುವೆಯಾದರು. ಸಿಲ್ಚಾರಿನ ಆ ಮನೆಯಲ್ಲಿ, ಗಂಡನ ಪುಸ್ತಕಗಳ ನಡುವೆ, ಅವರಿಗೆ ಬಂಗಾಳಿಯಲ್ಲಿ ಅಚ್ಚಾದ ಲೂಕನ ಸುವಾರ್ತೆಯ ಚಿಕ್ಕ ಪುಸ್ತಕ ಸಿಕ್ಕಿತು. ಬೈಬಲ್ ಅವರ ಮನಸ್ಸಿಗೆ ಹೊಕ್ಕದ್ದು ಹೀಗೆ, ಹೀಬ್ರೂವಿನಲ್ಲೂ ಅಲ್ಲ, ಗ್ರೀಕಿನಲ್ಲೂ ಅಲ್ಲ, ಯಾರೋ ಮಾಡಿಟ್ಟ ಅನುವಾದದಲ್ಲಿ. 1882ರ ಫೆಬ್ರವರಿಯಲ್ಲಿ ಕಾಲರಾದಿಂದ ಗಂಡ ತೀರಿಕೊಂಡಾಗ ಮಗಳು ಮನೋರಮಾಗೆ ಇನ್ನೂ ವರ್ಷ ತುಂಬಿರಲಿಲ್ಲ.

ಪುಣೆಗೆ ಬಂದು ಆರ್ಯ ಮಹಿಳಾ ಸಮಾಜ ಕಟ್ಟಿದರು. ಮರುವರ್ಷ ವೈದ್ಯಕೀಯ ಓದಲೆಂದು ಇಂಗ್ಲೆಂಡಿಗೆ ಹೋದರು, ಕಿವಿ ಮಂದವಾಗಿದ್ದರಿಂದ ಅದು ಕೈಗೂಡಲಿಲ್ಲ. 1883ರ ಸೆಪ್ಟೆಂಬರ್‌ನಲ್ಲಿ ವಾಂಟೇಜ್ ಎಂಬಲ್ಲಿ ಮಗಳೊಂದಿಗೆ ಕ್ರೈಸ್ತ ದೀಕ್ಷೆ ಪಡೆದರು. ಇಲ್ಲಿ ಪುಣೆಯಲ್ಲಿ ಎಷ್ಟು ಗದ್ದಲ ಎದ್ದಿರಬೇಕು, ನೀವೇ ಊಹಿಸಿ. ಆದರೆ ಅಲ್ಲಿನವರಿಗೂ ರಮಾಬಾಯಿ ಸುಲಭದ ಶಿಷ್ಯೆಯಾಗಿರಲಿಲ್ಲ. ಹೇಳಿದ್ದನ್ನೆಲ್ಲ ಒಪ್ಪದೆ ಮೂಲದಲ್ಲಿ ಎಲ್ಲಿದೆ ತೋರಿಸಿ ಎನ್ನುವ ಶಾಸ್ತ್ರಿಗಳ ಮಗಳ ಬುದ್ಧಿ ಹೋಗಲಿಲ್ಲ. ಒಂದೇ ಧರ್ಮದಲ್ಲಿ ಇಷ್ಟೊಂದು ಪಂಗಡಗಳು, ಒಂದಕ್ಕೊಂದು ಒಪ್ಪದ ಮಾತುಗಳು ಎಂದು ಅವರು ತಬ್ಬಿಬ್ಬಾದರು.

ಗ್ರಂಥದ ಪಾಠಗಳೂ ಆಗ ಬದಲಾಗುತ್ತಿದ್ದವು. ಬೈಬಲಿನ ಹಳೆಯ ಒಡಂಬಡಿಕೆ ಬಹುಮಟ್ಟಿಗೆ ಹೀಬ್ರೂವಿನಲ್ಲಿದೆ, ಹೊಸ ಒಡಂಬಡಿಕೆ ಗ್ರೀಕಿನಲ್ಲಿ. ಯೇಸು ಆಡುತ್ತಿದ್ದ ಮಾತು ಅರಮೇಯಿಕ್, ಎಂದ ಮೇಲೆ ಸುವಾರ್ತೆಯ ಮೊದಲ ಪುಟದಲ್ಲೇ ಅನುವಾದ ಸೇರಿಕೊಂಡಿದೆ. ಕೈಬರಹದ ಪ್ರತಿಯಿಂದ ಪ್ರತಿಗೆ ಅಲ್ಲಲ್ಲಿ ವ್ಯತ್ಯಾಸ. ಯಾವ ಪುಸ್ತಕಗಳು ಗ್ರಂಥದೊಳಗೆ, ಯಾವುವು ಹೊರಗೆ ಎಂಬುದರಲ್ಲೂ ಒಮ್ಮತವಿಲ್ಲ. ಕೆಥೊಲಿಕರದು 73, ಪ್ರೊಟೆಸ್ಟೆಂಟರದು 66. ಇಂಗ್ಲಿಷಿನ ಪ್ರಸಿದ್ಧ ಅನುವಾದ ಬಂದದ್ದು 1611ರಲ್ಲಿ. ಆಮೇಲೆ ಅದಕ್ಕಿಂತ ಹಳೆಯ ಪ್ರತಿಗಳು ಸಿಕ್ಕಿದವು, ಭಾಷೆಯೂ ಹಳತಾಯಿತು. ಹಾಗಾಗಿ ತಿದ್ದಿದ ಹೊಸ ಒಡಂಬಡಿಕೆ 1881ರಲ್ಲಿ, ಹಳೆಯದು 1885ರಲ್ಲಿ ಹೊರಬಂತು. ಎರಡನೆಯದು ಬಂದಾಗ ರಮಾಬಾಯಿ ಇಂಗ್ಲೆಂಡಿನಲ್ಲೇ ಇದ್ದರು.

1886ರಲ್ಲಿ ಅಮೆರಿಕೆಗೆ ಹೋದದ್ದು ನಮ್ಮ ಕಲ್ಯಾಣದಲ್ಲಿ ಬೆಳೆದ ಆನಂದಿಬಾಯಿ ಜೋಶಿಯವರು ಡಾಕ್ಟರ್ ಪದವಿ ಪಡೆಯುವುದನ್ನು ನೋಡಲು. ಹಿಂದಿರುಗಿ 1889ರ ಮಾರ್ಚ್‌ನಲ್ಲಿ ಮುಂಬಯಿಯ ಚೌಪಾಟಿಯಲ್ಲಿ ವಿಧವೆಯರಿಗಾಗಿ ಶಾರದಾ ಸದನ ತೆರೆದರು. ಮುಂದೆ ಧೊಂಡೋ ಕೇಶವ ಕರ್ವೆಯವರ ಪತ್ನಿಯಾದ ಗೋದೂಬಾಯಿ ಮೊದಲ ವಿದ್ಯಾರ್ಥಿನಿಯರಲ್ಲಿ ಒಬ್ಬರು. ಮರುವರ್ಷ ಸದನ ಪುಣೆಗೆ ಹೋಯಿತು. ಹುಡುಗಿಯರನ್ನು ಮತಾಂತರದ ಕಡೆ ಸೆಳೆಯುತ್ತಾರೆಂದು ತಿಲಕರ ಕೇಸರಿ ಪತ್ರಿಕೆ ಟೀಕಿಸಿತು. 1893ರಲ್ಲಿ ರಾನಡೆ, ಭಂಡಾರ್ಕರ್ ಅಂಥವರೇ ಸಲಹಾ ಮಂಡಳಿ ಬಿಟ್ಟರು. ನಂಬಿ ಮಕ್ಕಳನ್ನು ಕಳಿಸಿದವರ ಆತಂಕ ನನಗೆ ಅರ್ಥವಾಗುತ್ತದೆ. ತಾನು ನಂಬಿದ್ದನ್ನು ಬಚ್ಚಿಟ್ಟು ಬದುಕಲಾರದ ಹೆಂಗಸಿನ ಸಂಕಟವೂ ಅರ್ಥವಾಗುತ್ತದೆ.

1896–97ರ ಬರಗಾಲದಲ್ಲಿ ರಮಾಬಾಯಿ ಮಧ್ಯ ಭಾರತಕ್ಕೆ ಹೋಗಿ ನೂರಾರು ಹೆಣ್ಣುಮಕ್ಕಳನ್ನು ಕರೆತಂದರು. ಸ್ವತಃ ಹಸಿವಿನಲ್ಲಿ ಮನೆಯವರನ್ನು ಕಳೆದುಕೊಂಡವರಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಕೇಡಗಾಂವಿನ ಜಮೀನಿನಲ್ಲಿ ಬಾವಿ ತೋಡಿಸಿ ಮುಕ್ತಿ ಸದನ ಎಬ್ಬಿಸಿದರು. 1900ರ ಹೊತ್ತಿಗೆ, ಗುಜರಾತಿನ ಬರದ ಮಕ್ಕಳೂ ಸೇರಿ, ಅಲ್ಲಿ ಎರಡು ಸಾವಿರದಷ್ಟು ಜನ. ನೇಯ್ಗೆ, ಎಣ್ಣೆ ಗಾಣ, ಹೈನು, ಅಚ್ಚುಕೂಟ, ಎಲ್ಲವನ್ನೂ ನಡೆಸುವವರು ಹೆಂಗಸರೇ.

ಇವರಿಗೆ ಓದಿಸಲು ಮರಾಠಿ ಬೈಬಲ್ ಇರಲಿಲ್ಲವೆಂದಲ್ಲ. ಶ್ರೀರಾಂಪುರದ ವಿಲಿಯಂ ಕೇರಿ 1811ರಲ್ಲೇ ಮರಾಠಿ ಹೊಸ ಒಡಂಬಡಿಕೆ ಅಚ್ಚು ಹಾಕಿಸಿದ್ದರು. ನಮ್ಮ ಕನ್ನಡದಲ್ಲಿ ಬಳ್ಳಾರಿಯ ಜಾನ್ ಹ್ಯಾಂಡ್ಸ್ ಮೊದಲು ಮಾಡಿದ್ದನ್ನು ಬಾಸೆಲ್ ಮಿಷನ್ನಿನ ವೈಗ್ಲೆ ಮೊದಲಾದವರು ತಿದ್ದಿದ ಹಾಗೆ, ಮರಾಠಿಯಲ್ಲೂ ತಿದ್ದುಪಡಿ ಆಗುತ್ತ ಬಂದಿತ್ತು. ಆದರೆ ಅದು ಪಂಡಿತರ ಮರಾಠಿ. ಹಳ್ಳಿಯಿಂದ ಬಂದ, ನಿನ್ನೆಯಷ್ಟೇ ಅಕ್ಷರ ಕಲಿತ ಹುಡುಗಿಯ ನಾಲಗೆಗೆ ಎಟುಕುವಂಥದ್ದಲ್ಲ. ಇನ್ನೊಂದು ತೊಡಕನ್ನು ಕಾಣಬಲ್ಲವರು ರಮಾಬಾಯಿಯಂಥ ಸಂಸ್ಕೃತ ಪಂಡಿತೆಯೇ. ಅನುವಾದಕರು ಆರಿಸಿದ ಎಷ್ಟೋ ಸಂಸ್ಕೃತ ಪದಗಳಿಗೆ ಪುರಾಣ, ವೇದಾಂತಗಳ ಅರ್ಥ ಮೊದಲೇ ಅಂಟಿತ್ತು. ನನಗೆ ತೋಚಿದ ಉದಾಹರಣೆ ಹೇಳುತ್ತೇನೆ. ಹೊಸದಾಗಿ ಹುಟ್ಟಬೇಕು ಎಂಬ ಯೇಸುವಿನ ಮಾತಿಗೆ ಪುನರ್ಜನ್ಮ ಎಂದು ಬರೆದರೆ ನಮ್ಮ ಅಜ್ಜಿಯರು ಏನೆಂದುಕೊಳ್ಳುತ್ತಾರೆ? ಮುಂದಿನ ಜನ್ಮ ಎಂದೇ ಅಲ್ಲವೇ?

ಇದಕ್ಕೆ ಪೂರ್ತಿ ಎದುರಾದ ದಾರಿಯೂ ಇತ್ತು. ಗೋವೆಯಲ್ಲಿದ್ದ ಇಂಗ್ಲಿಷ್ ಪಾದ್ರಿ ಥಾಮಸ್ ಸ್ಟೀಫನ್ಸ್ 1616ರಲ್ಲಿ ಬೈಬಲಿನ ಕತೆಯನ್ನು ಓವಿ ಛಂದಸ್ಸಿನಲ್ಲಿ ಹಾಡಿ, ಕ್ರಿಸ್ತಪುರಾಣ ಎಂದೇ ಹೆಸರಿಟ್ಟರು. ಪರದೇಶದವರು ಪುರಾಣದ ವೇಷ ತೊಟ್ಟರು, ಪುರಾಣ ಓದುತ್ತಲೇ ಬೆಳೆದ ರಮಾಬಾಯಿ ಅದನ್ನು ಕಳಚಿಟ್ಟರು. ಆದರೂ ತಮ್ಮ ಸಂಸ್ಥೆಗೆ ಮುಕ್ತಿ ಎಂಬ ಹೆಸರನ್ನು ಉಳಿಸಿಕೊಂಡರು, ಅದನ್ನೂ ಹೇಳಬೇಕು.

1905ರ ಆಸುಪಾಸಿನಲ್ಲಿ, ನಲವತ್ತೈದು ದಾಟಿದ ಮೇಲೆ, ಹೀಬ್ರೂ ಮತ್ತು ಗ್ರೀಕ್ ಕಲಿಕೆಗೆ ಕೂತು ಮೂಲದಿಂದಲೇ ಅನುವಾದ ಶುರುಮಾಡಿದರು. ಇಂಥ ಕೆಲಸಕ್ಕೆ ಎಲ್ಲೆಡೆ ಗಂಡಸರ ಸಮಿತಿ. ಇಡೀ ಬೈಬಲನ್ನು ಒಬ್ಬಂಟಿಯಾಗಿ ಅನುವಾದಿಸಿದ ಹೆಂಗಸರು ಬಹಳ ಇಲ್ಲ. ಅಮೆರಿಕೆಯ ಜೂಲಿಯಾ ಸ್ಮಿತ್ 1876ರಲ್ಲಿ ಇಂಗ್ಲಿಷಿಗೆ ತಂದಿದ್ದರು. ರಮಾಬಾಯಿಯ ಕೆಲಸ ಹದಿನೈದು ವರ್ಷಕ್ಕೂ ಮಿಕ್ಕಿ ನಡೆಯಿತು. ಮೂಲದ ಒಂದು ಪದವನ್ನೂ ಬಿಡದೆ ತರುವ ಹಟ ಅವರದು. ಅದರಿಂದ ಪದ ಸರಳವಾದರೂ ವಾಕ್ಯ ಕೆಲವೆಡೆ ತೊಡರುತ್ತದೆ, ಮರಾಠಿಯ ಓಟ ಇರುವುದಿಲ್ಲ ಎಂದು ಬಲ್ಲವರು ಹೇಳುತ್ತಾರೆ. ಚರ್ಚುಗಳಲ್ಲಿ ಅದು ಬೈಬಲ್ ಸೊಸೈಟಿಯ ಪಾಠದ ಜಾಗಕ್ಕೆ ಬರಲಿಲ್ಲ. ಎಲ್ಲರಿಗೂ ಒಪ್ಪುವ ಬೈಬಲ್ ಮಾಡಲು ಅವರು ಕೂತಿರಲೂ ಇಲ್ಲ. ಎದುರಿಗೆ ಚಾಪೆಯ ಮೇಲೆ ಕೂತಿದ್ದ ಹುಡುಗಿಯರಿಗಾಗಿ ಮಾಡಿದರು.

ಮಗಳು ಮನೋರಮಾ ತಾಯಿಯ ಬಲಗೈ. ಇದೇ ರೈಲುದಾರಿಯಲ್ಲಿ ಮುಂದೆ ಸಿಗುವ, ಆಗ ನಿಜಾಮರ ಆಳ್ವಿಕೆಯಲ್ಲಿದ್ದ ಗುಲ್ಬರ್ಗದಲ್ಲಿ ಹೆಣ್ಣುಮಕ್ಕಳ ಶಾಲೆ ತೆರೆದವರು ಇವರೇ. ತಾಯಿ ಬಿಟ್ಟುಬಂದ ಕನ್ನಡ ನಾಡಿಗೆ ಮಗಳು ಹೀಗೆ ತಿರುಗಿ ಬಂದರು. 1921ರ ಜುಲೈಯಲ್ಲಿ, ನಲವತ್ತರ ವಯಸ್ಸಿಗೇ ಮನೋರಮಾ ತೀರಿಕೊಂಡರು. ತಂದೆ, ತಾಯಿ, ಅಕ್ಕ, ಅಣ್ಣ, ಗಂಡ, ಈಗ ಮಗಳು. ರಮಾಬಾಯಿ ಮತ್ತೆ ಕರಡು ತಿದ್ದಲು ಕೂತರು. ಕೆಲಸ ಮುಗಿಸಲು ಇನ್ನು ಹತ್ತು ದಿನ ಕೊಡು ಎಂದು ದೇವರಲ್ಲಿ ಬೇಡಿಕೊಂಡರಂತೆ. ಕೊನೆಯ ಹಾಳೆ ಮುಗಿದ ಮೇಲೆ, 1922ರ ಏಪ್ರಿಲ್ 5ರಂದು, ನಿದ್ದೆಯಲ್ಲೇ ಹೋದರು ಎಂದು ಮುಕ್ತಿಯವರು ಹೇಳುತ್ತ ಬಂದಿದ್ದಾರೆ.

ಇಡೀ ಬೈಬಲ್ ಹೊರಬಂದದ್ದು 1924ರಲ್ಲಿ. ಅಚ್ಚುಮೊಳೆ ಜೋಡಿಸಿದವರು, ಯಂತ್ರ ತಿರುಗಿಸಿದವರು, ಹಾಳೆ ಮಡಿಸಿ ಹೊಲಿದು ರಟ್ಟು ಕಟ್ಟಿದವರು ಮುಕ್ತಿಯ ಹೆಣ್ಣುಮಕ್ಕಳು.