ಐದು ಹುಡುಗಿಯರಿಂದ ಶುರುವಾದ ಶಾಲೆ

ರುಕಿಯಾ ಎಂಬ ಹೆಸರು ನಮ್ಮ ಮನೆಗಳಲ್ಲಿ ಹೊಸದಲ್ಲ. ಆದರೆ ಬಂಗಾಳದ ಬೇಗಂ ರುಕಿಯಾ ಸಖಾವತ್ ಹುಸೇನ್ ಯಾರೆಂದು ಕೇಳಿದರೆ ಹೇಳುವವರು ಕಡಿಮೆ.

ಅವರು ಹುಟ್ಟಿದ್ದು 1880ರಲ್ಲಿ, ಈಗಿನ ಬಾಂಗ್ಲಾದೇಶದ ರಂಗಪುರ ಕಡೆಯ ಪೈರಾಬಂದ್‌ನ ಜಮೀನ್ದಾರರ ಮನೆಯಲ್ಲಿ. ಐದು ವರ್ಷಕ್ಕೇ ಪರ್ದಾ. ಪರಿಚಯವಿಲ್ಲದ ಹೆಂಗಸರ ಎದುರಿಗೂ ಬರುವಂತಿರಲಿಲ್ಲ. ಹೆಣ್ಣುಮಕ್ಕಳು ಕುರ್‌ಆನ್ ಓದಿದರೆ ಸಾಕು, ಬಂಗಾಳಿ, ಇಂಗ್ಲಿಷ್ ಯಾಕೆ ಅನ್ನುವ ಕಾಲ. ಮನೆಯವರೆಲ್ಲ ಮಲಗಿದ ಮೇಲೆ ಅಣ್ಣ ಇಬ್ರಾಹಿಂ ದೀಪದ ಬೆಳಕಲ್ಲಿ ಇಂಗ್ಲಿಷ್ ಕಲಿಸಿದರು. ಅಕ್ಕ ಕರೀಮುನ್ನಿಸಾ ಬಂಗಾಳಿ ಕಲಿಸಿದರು.

ಮದುವೆಯಾದದ್ದು ಭಾಗಲ್ಪುರದಲ್ಲಿ ಸರಕಾರಿ ಅಧಿಕಾರಿಯಾಗಿದ್ದ ಸಖಾವತ್ ಹುಸೇನರನ್ನು. ವಯಸ್ಸಿನಲ್ಲಿ ತುಂಬಾ ದೊಡ್ಡವರಾದರೂ ಹೆಂಡತಿಯ ಬರವಣಿಗೆಗೆ ಬೆನ್ನು ತಟ್ಟಿದವರು ಅವರೇ. ಹೆಂಗಸರು ನಾಡು ಆಳುವ, ಗಂಡಸರು ಮನೆಯೊಳಗಿರುವ ‘ಸುಲ್ತಾನಾಸ್ ಡ್ರೀಮ್’ ಕಥೆ 1905ರಲ್ಲಿ ಮದರಾಸಿನ ಪತ್ರಿಕೆಯೊಂದರಲ್ಲಿ ಬಂತು.

1909ರಲ್ಲಿ ಗಂಡ ತೀರಿಕೊಂಡರು. ಅವರು ಬಿಟ್ಟುಹೋದ ಹತ್ತು ಸಾವಿರ ರೂಪಾಯಿಯಲ್ಲಿ ರುಕಿಯಾ ಅದೇ ವರ್ಷ ಐದು ಹುಡುಗಿಯರ ಶಾಲೆ ತೆರೆದರು. ಆಸ್ತಿ ಜಗಳದಿಂದ ಊರು ಬಿಡಬೇಕಾಯಿತು. 1911ರಲ್ಲಿ ಕಲ್ಕತ್ತೆಯಲ್ಲಿ ಎಂಟು ಹುಡುಗಿಯರೊಂದಿಗೆ ಮತ್ತೆ ಶುರು.

ಶಾಲೆ ಬಸ್ಸಿನದೇ ಒಂದು ಕಥೆ. ಪರ್ದಾಕ್ಕೆಂದು ಪೂರ್ತಿ ಮುಚ್ಚಿಸಿದರೆ ಒಳಗೆ ಮಕ್ಕಳಿಗೆ ಉಸಿರುಕಟ್ಟಿ ತಲೆಸುತ್ತು. ಕಿಟಕಿಗೆ ಪರದೆ ಹಾಕಿಸಿದರೆ, ಗಾಳಿಗೆ ಪರದೆ ಹಾರುತ್ತದೆಂದು ಬೆದರಿಕೆ ಪತ್ರ!

ರುಕಿಯಾ ದೀನ್ ಬಿಟ್ಟು ಮಾತಾಡಿದವರಲ್ಲ. ಸ್ವತಃ ಬುರ್ಖಾ ಹಾಕುತ್ತಿದ್ದರು. ಮರ್ಯಾದೆಯ ಉಡುಪು ಬೇರೆ, ಮನೆಯೊಳಗೆ ಕೂಡಿಹಾಕುವುದು ಬೇರೆ ಎಂಬುದು ಅವರ ವಾದ. ಇಲ್ಮ್ ಗಂಡು–ಹೆಣ್ಣು ಇಬ್ಬರಿಗೂ ಕಡ್ಡಾಯವಾಗಿರುವಾಗ ಹೆಣ್ಣಿಗೆ ಅದನ್ನು ತಪ್ಪಿಸುವುದು ದೀನ್ ಅಲ್ಲ, ಸಮಾಜದ ರೂಢಿ ಎಂದರು. ಕುರ್‌ಆನನ್ನು ಗಿಳಿಪಾಠ ಮಾಡಿಸದೆ ಅರ್ಥ ತಿಳಿಸಿ ಕಲಿಸಬೇಕೆಂದೂ ಒತ್ತಿ ಹೇಳಿದರು. ಆಸ್ತಿಯಲ್ಲಿ ಹೆಣ್ಣಿಗೆ ಶರೀಅತ್ ಕೊಟ್ಟ ಪಾಲು ಕೈಗೆ ಸಿಗದಿರುವುದನ್ನೂ ಎತ್ತಿ ತೋರಿಸಿದರು.

1932ರ ಡಿಸೆಂಬರ್ 9ರಂದು ತೀರಿಕೊಂಡರು. ಹೆಣ್ಣಿನ ಹಕ್ಕಿನ ಬಗ್ಗೆ ಬರೆಯುತ್ತಿದ್ದ ಲೇಖನ ಅರ್ಧಕ್ಕೇ ನಿಂತಿತ್ತು.

ಆ ಕೆಲಸವನ್ನು ಕನ್ನಡದಲ್ಲಿ ಸಾರಾ ಅಬೂಬಕ್ಕರ್, ಬಾನು ಮುಷ್ತಾಕ್ ಮುಂದುವರಿಸಿದರು. ಇಂದು ಮಂಗಳೂರಾಗಲಿ, ಶಿಕಾರಿಪುರದ ಅಂಜನಾಪುರವಾಗಲಿ, ಹೆಣ್ಣುಮಕ್ಕಳು ಕಾಲೇಜಿಗೆ ಹೋಗುವುದು ದೊಡ್ಡ ಸುದ್ದಿಯಲ್ಲ. ಆದರೆ ಆಸ್ತಿ ಪಾಲು ಮಾಡುವಾಗ ತಂಗಿಯ ಹಕ್ಕು ನೆನಪಾಗುತ್ತದೆಯೇ? ರುಕಿಯಾ ಎತ್ತಿದ ಈ ಪ್ರಶ್ನೆ ಇನ್ನೂ ಬಾಕಿ ಇದೆ.