ಅಣಬೆಗೆ ಹೆದರಿದ ಬ್ಯಾಂಕಿನವರು

ಗುಡುಗು ಮಳೆ ಹಿಡೀತು ಅಂದ್ರೆ ನಮ್ಮ ಆನಂದಪುರದ ಕಡೆ ಹುತ್ತದ ಸುತ್ತ ಅಣಬೆ ಏಳುತ್ತೆ. ದೀವರ ಮನೆ, ಗೌಡರ ಮನೆಗಳಲ್ಲಿ ಅವತ್ತು ಅಣಬೆ ಸಾರು. ಪಕ್ಕದ ಹವ್ಯಕರ ಮನೆಯ ಹಿರಿಯರು ಅದನ್ನು ಒಳಗೆ ತರೋಕೂ ಬಿಡಲ್ಲ. ಮಳೆ ಒಂದೇ, ಮಣ್ಣು ಒಂದೇ. ಹೀಗ್ಯಾಕೆ ಅನ್ನೋ ಪ್ರಶ್ನೆಯ ಹಿಂದೆ ಅರ್ಧ ಆಯುಷ್ಯ ಕಳೆದವರು ಅಮೆರಿಕದ ಗಾರ್ಡನ್ ವಾಸನ್.

1898ರಲ್ಲಿ ಮೊಂಟಾನಾದ ಗ್ರೇಟ್ ಫಾಲ್ಸ್‌ನಲ್ಲಿ ಹುಟ್ಟಿದ ಅವರು ಮೊದಲು ಪತ್ರಕರ್ತ, ಆಮೇಲೆ ಜೆ.ಪಿ. ಮಾರ್ಗನ್ ಬ್ಯಾಂಕಿನ ಉಪಾಧ್ಯಕ್ಷ. 1926ರಲ್ಲಿ ಮದುವೆಯಾದದ್ದು ರಷ್ಯಾ ಮೂಲದ ಮಕ್ಕಳ ವೈದ್ಯೆ ವ್ಯಾಲೆಂಟಿನಾರನ್ನು. ಮರುವರ್ಷ ಕ್ಯಾಟ್‌ಸ್ಕಿಲ್ ಬೆಟ್ಟದಲ್ಲಿ ತಿರುಗಾಡುವಾಗ ಕಾಡಣಬೆ ಕಂಡ ವ್ಯಾಲೆಂಟಿನಾ ಹಿಗ್ಗಿಹೋದರು. ಮಡಿಲು ತುಂಬ ಕಿತ್ತು ತಂದು ಬೇಯಿಸಿ ತಿಂದರು. ವಾಸನ್ ಮುಟ್ಟಲಿಲ್ಲ. ಬೆಳಗಾಗುವುದರೊಳಗೆ ಹೆಂಡತಿ ಸತ್ತೇಹೋಗ್ತಾಳೆ ಅಂತ ಕೂತಿದ್ದರು. ಆಕೆಗೆ ಏನೂ ಆಗಲಿಲ್ಲ.

ಅಲ್ಲಿಂದ ಸುಮಾರು 30 ವರ್ಷ ಗಂಡ ಹೆಂಡತಿ ಊರೂರಿನ ಅಣಬೆಯ ಹೆಸರು, ಗಾದೆ, ಕಥೆ ಕೂಡಿಹಾಕಿದರು. ಅಣಬೆ ಪ್ರೀತಿಸುವ ಜನ, ಹೆದರುವ ಜನ ಎಂದು ಎರಡು ಪಾಲು ಮಾಡಿದರು. ರಷ್ಯನ್ನರು ಮೊದಲನೆಯದಕ್ಕೆ, ಇಂಗ್ಲಿಷರು ಎರಡನೆಯದಕ್ಕೆ. ಇಂಗ್ಲಿಷರು ವಿಷದ ಅಣಬೆಗೆ ಕಪ್ಪೆಯ ಮಣೆ ಅಂತಾರೆ. ನಾವು ನಗುವ ಹಾಗಿಲ್ಲ, ನಮ್ಮದು ನಾಯಿಕೊಡೆ! ಈ ಹೆದರಿಕೆಯ ಬೇರು ಬರೀ ವಿಷವಲ್ಲ, ಎಂದೋ ಅಣಬೆಯನ್ನು ಪೂಜಿಸುತ್ತಿದ್ದ ಕಾಲದ ಭಯಭಕ್ತಿ ಎಂಬುದು ಅವರ ಊಹೆ.

ಆ ಊಹೆಯ ಬೆನ್ನುಹತ್ತಿ ವಾಸನ್ 1955ರಲ್ಲಿ ಮೆಕ್ಸಿಕೋದ ಬೆಟ್ಟದೂರಲ್ಲಿ ಮಾರಿಯಾ ಸಬಿನಾ ನಡೆಸುವ ಅಣಬೆಯ ರಾತ್ರಿಪೂಜೆಗೆ ಕೂತರು. 1957ರಲ್ಲಿ ಲೈಫ್ ಪತ್ರಿಕೆಗೆ ಬರೆದರು. ಆಕೆಯ ಹೆಸರು ಬದಲಿಸಿದ್ದರೂ ಪ್ರಯೋಜನವಾಗಲಿಲ್ಲ. ನಶೆ ಹುಡುಕುವವರು ಹಿಂಡುಹಿಂಡಾಗಿ ಬಂದರು, ಊರಿನವರು ಆಕೆಯ ಮೇಲೆ ತಿರುಗಿಬಿದ್ದರು, ಮನೆ ಸುಟ್ಟುಹೋಯಿತು. ವಾಸನ್ ಆಮೇಲೆ ನೊಂದುಕೊಂಡರು ನಿಜ, ಆದರೆ ಬೆಲೆ ತೆತ್ತವಳು ಆಕೆ. ಅವರ ಬದುಕಿನಲ್ಲಿ ನಮ್ಮನ್ನು ಚುಚ್ಚುವ ಭಾಗ ಇದೇ.

ವ್ಯಾಲೆಂಟಿನಾ 1958ರ ಕೊನೆಯ ದಿನ ತೀರಿಕೊಂಡರು. ವೇದದ ಸೋಮವೂ ಅಣಬೆಯೇ ಎಂದು ವಾಸನ್ 1968ರಲ್ಲಿ ಪುಸ್ತಕ ಬರೆದರು. ಹಲವು ವಿದ್ವಾಂಸರು ಒಪ್ಪಲಿಲ್ಲ. ಮನುಸ್ಮೃತಿ ದ್ವಿಜರಿಗೆ ಅಣಬೆ ಬೇಡ ಅಂದದ್ದು ಬೆಳ್ಳುಳ್ಳಿ, ಈರುಳ್ಳಿಯ ಸಾಲಿನಲ್ಲೇ. ಅಲ್ಲಿ ನಮಗೆ ಕಾಣೋದು ಹಳೆಯ ದೇವರಲ್ಲ, ಅಡಿಗೆಮನೆಯ ಮಡಿ. ವಾಸನ್ ಜನಾಂಗ ಜನಾಂಗಗಳ ನಡುವೆ ಗೆರೆ ಎಳೆದರು. ಆನಂದಪುರದಲ್ಲಿ ಆ ಗೆರೆ ಎರಡು ಮನೆಗಳ ನಡುವಿನ ಬೇಲಿಯಲ್ಲಿದೆ.

ವಾಸನ್ 1986ರಲ್ಲಿ ತೀರಿಕೊಂಡರು. ಅವರು ಕೂಡಿಹಾಕಿದ ಪುಸ್ತಕ, ಪತ್ರ, ಅಣಬೆಯ ಬೊಂಬೆಗಳೆಲ್ಲ ಹಾರ್ವರ್ಡ್‌ನಲ್ಲಿ ಗಂಡ ಹೆಂಡತಿ ಇಬ್ಬರ ಹೆಸರಿನಲ್ಲೂ ಇವೆ.